ಅಜ್ಜಿ ಬಿಟ್ಟುಹೋದ ಟ್ರಸ್ಟ್, ಮೊಮ್ಮಗಳು ಹಾಕುವ ದಿವಾಳಿ ಅರ್ಜಿ

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಒಂದು ಕೂಟದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ ಇದು. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಈ ದೇಶದಲ್ಲಿ ದಿವಾಳಿ ಅರ್ಜಿ ಹಾಕುವವರು ತುಂಬಬೇಕಾದ ನಮೂನೆಗಳಲ್ಲಿ ಶೆಡ್ಯೂಲ್ ಎ/ಬಿ ಅಂತ ಒಂದಿದೆ. ಇರುವ ಆಸ್ತಿಯನ್ನೆಲ್ಲ ಬರೆದುಕೊಡುವ ಪಟ್ಟಿ ಅದು. ಮನೆ, ಕಾರು, ಬಟ್ಟೆಬರೆ, ಒಡವೆ, ಸಾಕಿದ ನಾಯಿ, ಬ್ಯಾಂಕಿನ ಖಾತೆ, ಹೀಗೆ ಒಂದೊಂದನ್ನೇ ಕೇಳಿಕೊಂಡು ಹೋಗುತ್ತದೆ. ಅದರ 25ನೇ ಪ್ರಶ್ನೆ ಟ್ರಸ್ಟಿನದ್ದು. ಟ್ರಸ್ಟ್ ಅಂದರೆ ಒಬ್ಬರು ತಮ್ಮ ಹಣವನ್ನು ಇನ್ನೊಬ್ಬರ ಕೈಗೆ ಒಪ್ಪಿಸಿ, ಅದರ ಫಲ ಇಂಥವರಿಗೆ ಸೇರಲಿ ಅಂತ ಬರೆದಿಡುವ ಏರ್ಪಾಡು. ನೋಡಿಕೊಳ್ಳುವವರು ಟ್ರಸ್ಟಿ, ಫಲ ಪಡೆಯುವವರು ಫಲಾನುಭವಿ. ದಿವಾಳಿ ಪ್ರಕರಣಗಳ ಕಾಗದಪತ್ರ ಜೋಡಿಸುವುದೇ ನನ್ನ ಕೆಲಸ. ಎದುರಿಗೆ ಕೂತವರ ಪೆನ್ನು ಇದ್ದಕ್ಕಿದ್ದ ಹಾಗೆ ನಿಂತುಬಿಡುವುದನ್ನು ನಾನು ಎಲ್ಲಕ್ಕಿಂತ ಹೆಚ್ಚು ನೋಡಿರುವುದು ಆ 25ರ ಹತ್ತಿರ.

ಪೆನ್ನು ನಿಲ್ಲುತ್ತದೆ, ಆಮೇಲೆ ಮೆಲ್ಲಗೆ ಮಾತು ಬರುತ್ತದೆ. "ನಮ್ಮಜ್ಜಿ ಒಂದು ಟ್ರಸ್ಟ್ ಮಾಡಿಹೋಗಿದ್ದಾರೆ. ತಿಂಗಳು ತಿಂಗಳು ಅದರಿಂದ ಸ್ವಲ್ಪ ದುಡ್ಡು ಬರುತ್ತೆ. ಆದರೆ ಅದು ನನ್ನದಲ್ಲ ಅಲ್ವಾ? ಬರೀಲೇಬೇಕಾ?" ಎರಡು ಪ್ರಶ್ನೆ, ಒಂದೇ ಉಸಿರು. ಮೊದಲನೆಯದಕ್ಕೆ ಉತ್ತರ ಹೇಳುವುದಕ್ಕೆ ನನಗೆ ಈವತ್ತಿನ ಪೂರ್ತಿ ಹೊತ್ತು ಬೇಕು. ಎರಡನೆಯದಕ್ಕೆ ಈಗಲೇ ಹೇಳಿಬಿಡುತ್ತೇನೆ: ಬರೆಯಲೇಬೇಕು.

ನಾನು ವಕೀಲಿ ಮಾಡುವವರಲ್ಲ, ವಕೀಲರ ಪಕ್ಕ ಕೂತು ಕೆಲಸ ಮಾಡುವವರು. ಇಲ್ಲಿ ಹೇಳುವುದನ್ನು ತಿಳಿವಳಿಕೆಗೆ ಅಂತ ಇಟ್ಟುಕೊಳ್ಳಿ. ನಿಮ್ಮ ಟ್ರಸ್ಟ್ ಪತ್ರವನ್ನು ನಿಮ್ಮ ರಾಜ್ಯದ ವಕೀಲರೊಬ್ಬರು ಓದಲೇಬೇಕು. ಯಾಕೆ "ನಿಮ್ಮ ರಾಜ್ಯದ" ಅನ್ನುತ್ತಿದ್ದೇನೆ ಅಂತ ಇನ್ನು ಸ್ವಲ್ಪ ಹೊತ್ತಿಗೆ ಗೊತ್ತಾಗುತ್ತದೆ.

ಟ್ರಸ್ಟ್ ಅಂದ ಕೂಡಲೆ ಬಂಗಲೆ, ಹಡಗು, ಕೋಟಿಗಟ್ಟಲೆ ಹಣ ಕಣ್ಣ ಮುಂದೆ ಬರುತ್ತದೆ. ನನ್ನ ಮೇಜಿನ ಎದುರು ಕೂರುವವರು ಅಂಥವರಲ್ಲ. ತೀರಿಕೊಂಡ ಮೇಲೆ ಮಕ್ಕಳು ಉಯಿಲು, ವಾರಸು ನೋಡುವ ಪ್ರೊಬೇಟ್ ಕೋರ್ಟಿಗೆ ಅಲೆಯದಿರಲಿ ಅಂತ ಸಾಧಾರಣ ಸಂಸಾರಸ್ಥರೂ ಇಲ್ಲಿ ಟ್ರಸ್ಟ್ ಮಾಡಿಡುತ್ತಾರೆ. ಅಂಥವರ ಮೊಮ್ಮಗಳಿಗೆ ಕೆಲಸ ಹೋಗುತ್ತದೆ, ಇಲ್ಲವೇ ಮದುವೆ ಮುರಿಯುತ್ತದೆ, ಇಲ್ಲವೇ ಆಸ್ಪತ್ರೆಯ ಬಿಲ್ಲು ಮೈಮೇಲೆ ಬಿದ್ದು ಕ್ರೆಡಿಟ್ ಕಾರ್ಡಿನ ಮೇಲೆ ಕಾರ್ಡು ಮಿತಿ ಮುಟ್ಟುತ್ತದೆ. ತಿಂಗಳಿಗೆ ಬರುವ ಒಂದೆರಡು ಸಾವಿರ ಡಾಲರ್ ಆ ಸಾಲ ತೀರಿಸುವುದಕ್ಕೆ ಸಾಲುವುದಿಲ್ಲ, ಆದರೆ ಬಾಡಿಗೆ ಕಟ್ಟುವುದಕ್ಕೆ ಇರುವ ಒಂದೇ ಆಸರೆ ಅದು. ಅದೂ ಹೋಗಿಬಿಟ್ಟರೆ ಅನ್ನುವ ಹೆದರಿಕೆಗೆ ಎಷ್ಟೋ ಜನ ಅರ್ಜಿಯನ್ನೇ ಹಾಕದೆ ವರ್ಷಗಟ್ಟಲೆ ಬಡ್ಡಿ ಕಟ್ಟುತ್ತಾ ಸೊರಗುತ್ತಾರೆ. ಇನ್ನು ಕೆಲವರು ಟ್ರಸ್ಟಿನ ಮಾತೇ ಎತ್ತದೆ ಅರ್ಜಿ ಹಾಕುತ್ತಾರೆ. ಇಬ್ಬರಿಗೂ ಪೆಟ್ಟು ಬೀಳುತ್ತದೆ. ಎರಡನೆಯವರಿಗೆ ಬೀಳುವ ಪೆಟ್ಟು ದೊಡ್ಡದು.

ಮುಂದೆ ಹೋಗುವ ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಈ ಕಥೆಯಲ್ಲಿ ಇಬ್ಬರು ಟ್ರಸ್ಟಿಗಳಿದ್ದಾರೆ. ಒಬ್ಬರು ಅಜ್ಜಿಯ ಟ್ರಸ್ಟನ್ನು ನೋಡಿಕೊಳ್ಳುವವರು. ಅವರು ನಿಮ್ಮ ಮಾವನೋ ಅಣ್ಣನೋ ಒಂದು ಬ್ಯಾಂಕೋ ಆಗಿರಬಹುದು. ಇನ್ನೊಬ್ಬರು ದಿವಾಳಿ ಅರ್ಜಿ ಹಾಕಿದ ಮೇಲೆ ನೇಮಕವಾಗಿ ಬರುವವರು. ನಿಮ್ಮ ಆಸ್ತಿಯಲ್ಲಿ ಸಾಲ ಕೊಟ್ಟವರಿಗೆ ಸೇರಬೇಕಾದದ್ದು ಏನಾದರೂ ಇದೆಯೇ ಅಂತ ಹುಡುಕುವುದು ಅವರ ಕೆಲಸ. ಒಬ್ಬರು ಕಾಯುವವರು, ಇನ್ನೊಬ್ಬರು ಹುಡುಕುವವರು, ಇಬ್ಬರಿಗೂ ಒಂದೇ ಹೆಸರು. "ಟ್ರಸ್ಟಿ ಫೋನ್ ಮಾಡಿದ್ದರು" ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು "ಯಾವ ಟ್ರಸ್ಟಿ?" ಅಂತ. ಈ ಮಾತಿನುದ್ದಕ್ಕೂ ನಾನು ಮನೆಯ ಟ್ರಸ್ಟಿ, ಕೋರ್ಟಿನ ಟ್ರಸ್ಟಿ ಅಂತಲೇ ಕರೆಯುತ್ತೇನೆ.

ಅರ್ಜಿ ಕೋರ್ಟಿಗೆ ಸಲ್ಲಿಸಿದ ಆ ಕ್ಷಣಕ್ಕೆ ನಿಮಗಿರುವ ಎಲ್ಲ ಹಕ್ಕುಗಳನ್ನೂ ಕಾನೂನು ಒಂದು ಗಂಟು ಕಟ್ಟುತ್ತದೆ. ದಿವಾಳಿ ಸಂಹಿತೆಯ 541ನೇ ಸೆಕ್ಷನ್ ಪ್ರಕಾರ ಆಸ್ತಿ ಎಲ್ಲೇ ಇರಲಿ, ಯಾರ ಕೈಯಲ್ಲೇ ಇರಲಿ, ನಿಮಗೆ ಅದರಲ್ಲಿ ಹಕ್ಕಿದ್ದರೆ ಅದು ಗಂಟಿಗೆ ಸೇರುತ್ತದೆ. ಆದರೆ ಅದೇ ಸೆಕ್ಷನ್ನಿನಲ್ಲಿ, (ಸಿ)(2) ಅನ್ನುವ ಉಪವಿಧಿಯಲ್ಲಿ, ಒಂದೇ ಒಂದು ವಾಕ್ಯದ ಬಾಗಿಲಿದೆ. ಟ್ರಸ್ಟಿನಲ್ಲಿರುವ ಫಲಾನುಭವಿಯ ಹಕ್ಕನ್ನು ಬೇರೆಯವರಿಗೆ ವರ್ಗಾಯಿಸಬಾರದು ಅಂತ ನಿರ್ಬಂಧವಿದ್ದು, ಆ ನಿರ್ಬಂಧ ದಿವಾಳಿ ಕಾನೂನಿನ ಹೊರಗಿನ ಕಾನೂನಿನಲ್ಲಿ ಊರ್ಜಿತವಾಗುವಂಥದ್ದಾದರೆ, ದಿವಾಳಿಯಲ್ಲೂ ಅದು ಊರ್ಜಿತವೇ. ಅಂದರೆ ಟ್ರಸ್ಟಿನಲ್ಲಿರುವ ನಿಮ್ಮ ಹಕ್ಕು ಗಂಟಿಗೆ ಸೇರುವುದಿಲ್ಲ. ಕೋರ್ಟಿನ ಟ್ರಸ್ಟಿ ಅಜ್ಜಿಯ ಹಣದ ಮೇಲೆ ಕೈ ಇಡುವ ಹಾಗಿಲ್ಲ.

ಇಂಥ ನಿರ್ಬಂಧಕ್ಕೆ ಇಲ್ಲಿ ಸ್ಪೆಂಡ್‌ಥ್ರಿಫ್ಟ್ ಕ್ಲಾಜ್ ಅನ್ನುತ್ತಾರೆ. ಕ್ಲಾಜ್ ಅಂದರೆ ಪತ್ರದಲ್ಲಿ ಬರೆದ ಷರತ್ತು. ಸ್ಪೆಂಡ್‌ಥ್ರಿಫ್ಟ್ ಅಂದರೆ ದುಂದುಗಾರ. ಹೆಸರು ಕೇಳಿ ಕೆಲವರಿಗೆ ಬೇಜಾರಾಗುತ್ತದೆ, "ಅಜ್ಜಿ ನನ್ನನ್ನು ದುಂದುಗಾರ್ತಿ ಅಂದುಕೊಂಡಿದ್ದರಾ?" ಅಂತ ಒಬ್ಬಾಕೆ ನನ್ನನ್ನು ಕೇಳಿದ್ದುಂಟು. ಹಾಗೇನೂ ಅಲ್ಲ. ಟ್ರಸ್ಟ್ ಬರೆಯುವ ವಕೀಲರು ಬಹುಪಾಲು ಪತ್ರಗಳಲ್ಲಿ ಇದನ್ನು ವಾಡಿಕೆಯಂತೆ ಸೇರಿಸುತ್ತಾರೆ. ಫಲಾನುಭವಿ ತನ್ನ ಪಾಲನ್ನು ಮಾರುವ ಹಾಗಿಲ್ಲ, ಅಡವಿಡುವ ಹಾಗಿಲ್ಲ, ಅವರ ಸಾಲಕ್ಕೆ ಅದನ್ನು ಯಾರೂ ಜಪ್ತಿ ಮಾಡುವ ಹಾಗಿಲ್ಲ, ಇಷ್ಟೇ ಅದರ ಸಾರ.

ಈ ಬೇಲಿ ಹೇಗೆ ಬಂತು ಅನ್ನುವುದು ನನಗೆ ತುಂಬ ಹಿಡಿಸಿದ ಕಥೆ. ಇಂಗ್ಲೆಂಡಿನ ಕೋರ್ಟು 1811ರಲ್ಲಿ ಬ್ರಾಂಡನ್ ವಿರುದ್ಧ ರಾಬಿನ್ಸನ್ ಪ್ರಕರಣದಲ್ಲಿ ಇಂಥ ನಿರ್ಬಂಧ ನಡೆಯುವುದಿಲ್ಲ ಅಂದಿತ್ತು. ಆದಾಯ ಒಬ್ಬನದಾದರೆ ಅವನ ಸಾಲಕ್ಕೂ ಅದು ಹೊಣೆ ಅನ್ನುವುದು ಅವರ ವಾದ. ಅಮೆರಿಕ ಬೇರೆ ದಾರಿ ಹಿಡಿಯಿತು. 1875ರ ನಿಕೋಲ್ಸ್ ವಿರುದ್ಧ ಈಟನ್ ಪ್ರಕರಣದಲ್ಲಿ ಇಲ್ಲಿನ ಸುಪ್ರೀಂ ಕೋರ್ಟು ಆ ಕಡೆಗೆ ಒಲವು ತೋರಿಸಿತು. 1882ರಲ್ಲಿ ಮ್ಯಾಸಚೂಸೆಟ್ಸಿನ ಕೋರ್ಟು ಅದನ್ನು ಗಟ್ಟಿ ಮಾಡಿತು. ಅಲ್ಲಿ ಒಬ್ಬರು ತಮ್ಮ ಸಹೋದರನಿಗಾಗಿ 75,000 ಡಾಲರ್ ಟ್ರಸ್ಟಿನಲ್ಲಿಟ್ಟು, ಅದರ ಆದಾಯ ಅವನಿಗೆ ಮಾತ್ರ ಸೇರಲಿ, ಅವನಿಗೆ ಸಾಲ ಕೊಟ್ಟವರು ನಡುವೆ ಬರದಿರಲಿ ಅಂತ ಬರೆದಿದ್ದರು. ಒಂದು ಬ್ಯಾಂಕು ಆ ಆದಾಯ ತನಗೆ ಬೇಕು ಅಂತ ಬಂತು. ಕೊಡುವುದಿಲ್ಲ ಅಂದಿತು ಕೋರ್ಟು. ಹಣ ಕೊಟ್ಟವರು ಸಾಲ ಮಾಡಿದವರಲ್ಲ, ತಮ್ಮ ಹಣವನ್ನು ಹೇಗೆ ಕೊಡಬೇಕು ಅನ್ನುವ ಹಕ್ಕು ಅವರಿಗಿದೆ. ಮರುವರ್ಷವೇ ಜಾನ್ ಚಿಪ್‌ಮನ್ ಗ್ರೇ ಎಂಬ ಕಾನೂನು ಪಂಡಿತರು ಇದನ್ನು ಖಂಡಿಸಿ ಒಂದು ಗ್ರಂಥವನ್ನೇ ಬರೆದರು. ದೊಡ್ಡ ಮನುಷ್ಯರ ಮಕ್ಕಳು ಸಾಲ ಮಾಡಿ, ತೀರಿಸದೆ, ಟ್ರಸ್ಟಿನ ದುಡ್ಡಿನಲ್ಲಿ ಸುಖವಾಗಿರುವುದಕ್ಕೆ ಇದು ದಾರಿಯಾಗುತ್ತದೆ ಅನ್ನುವ ಅವರ ಕಳವಳದಲ್ಲಿ ಸತ್ಯವಿದೆ. ಆದರೂ ನನ್ನ ಮನಸ್ಸು ಕೋರ್ಟಿನ ಕಡೆಗೇ ವಾಲುತ್ತದೆ. ಕ್ರೆಡಿಟ್ ಕಾರ್ಡ್ ಕೊಟ್ಟ ಕಂಪನಿ ಅಜ್ಜಿಯ ಮುಖ ನೋಡಿ ಕಾರ್ಡು ಕೊಟ್ಟಿದ್ದಲ್ಲ.

ಈಗ ಬೇಲಿ ಎಲ್ಲೆಲ್ಲಿ ಮುರಿಯುತ್ತದೆ ಅಂತ ನೋಡೋಣ. ಜನ ಎಡವುವುದು ಇಲ್ಲೇ.

ಬೇಲಿ ಇರುವುದು ಹಣ ಟ್ರಸ್ಟಿನೊಳಗೆ ಇರುವತನಕ ಮಾತ್ರ. ಮನೆಯ ಟ್ರಸ್ಟಿ ಕಳಿಸಿದ ಹಣ ನಿಮ್ಮ ಬ್ಯಾಂಕ್ ಖಾತೆಗೆ ಬಿದ್ದ ಮರುಕ್ಷಣ ಅದು ನಿಮ್ಮ ಹಣ. 1ನೇ ತಾರೀಖು 1,800 ಡಾಲರ್ ಬಂತು, 3ನೇ ತಾರೀಖು ಅರ್ಜಿ ಹಾಕಿದಿರಿ ಅಂತ ಇಟ್ಟುಕೊಳ್ಳಿ. ಖಾತೆಯಲ್ಲಿ ಉಳಿದಿರುವ ಹಣ ಗಂಟಿಗೆ ಸೇರುತ್ತದೆ. ನಿಮ್ಮ ರಾಜ್ಯದ ವಿನಾಯಿತಿ ಯಾವುದಾದರೂ ಅದನ್ನು ಕಾಪಾಡಿದರೆ ಸರಿ, ಇಲ್ಲವಾದರೆ ಹೋಯಿತು. 3ರ ಬದಲು 25ನೇ ತಾರೀಖು, ಬಾಡಿಗೆ, ದಿನಸಿ, ಔಷಧಿಗೆ ಅದು ಖರ್ಚಾದ ಮೇಲೆ ಹಾಕಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ಸಂಸಾರಕ್ಕೆ ಬೇಕಾದದ್ದಕ್ಕೆ ಖರ್ಚು ಮಾಡುವುದು ತಪ್ಪಲ್ಲ. ತಾರೀಖು ನೋಡಿ ಅರ್ಜಿ ಹಾಕುವುದೂ ತಪ್ಪಲ್ಲ.

ಅದೇ ರೀತಿ, ಪತ್ರದ ಪ್ರಕಾರ ಕೊಡಲೇಬೇಕಾದ ಹಣವನ್ನು, ಕೊಡಬೇಕಾದ ದಿನ ದಾಟಿದ ಮೇಲೂ ಮನೆಯ ಟ್ರಸ್ಟಿ ಇಟ್ಟುಕೊಂಡಿದ್ದರೆ, ಅದನ್ನು ಸಾಲ ಕೊಟ್ಟವರು ತಲುಪಲು ಅನೇಕ ರಾಜ್ಯಗಳ ಕಾನೂನು ಬಿಡುತ್ತದೆ. "ಅಣ್ಣ, ಅರ್ಜಿ ಮುಗಿಯೋವರೆಗೂ ನನ್ನ ಪಾಲು ನಿನ್ನ ಹತ್ರಾನೇ ಇರಲಿ" ಅನ್ನುವ ಫೋನ್ ಕರೆಯಿಂದ ಯಾರಿಗೂ ಒಳ್ಳೆಯದಾಗಿಲ್ಲ. ಕೊಡುವುದು ಬಿಡುವುದು ಮನೆಯ ಟ್ರಸ್ಟಿಯ ವಿವೇಚನೆಗೆ ಬಿಟ್ಟಿದ್ದು ಅಂತ ಪತ್ರದಲ್ಲೇ ಇದ್ದರೆ ಅದು ಬೇರೆ ಮಾತು. ಅಂಥ ಟ್ರಸ್ಟಿನಲ್ಲಿ ನಿಮಗೆ ಕೇಳುವ ಹಕ್ಕೇ ಅಷ್ಟಾಗಿ ಇಲ್ಲ, ನಿಮಗಿಲ್ಲದ ಹಕ್ಕು ನಿಮಗೆ ಸಾಲ ಕೊಟ್ಟವರಿಗೂ ಬರುವುದಿಲ್ಲ.

ಇನ್ನು ಪತ್ರವೇ ನಿಮ್ಮ ಕೈಗೆ ಬೀಗದ ಕೈ ಕೊಟ್ಟಿದ್ದರೆ? ಕೇಳಿದಾಗಲೆಲ್ಲ ಅಸಲಿನಿಂದ ಇಷ್ಟು ತೆಗೆದುಕೊಳ್ಳಬಹುದು ಅಂತ ಬರೆದಿದ್ದರೆ, ಅಥವಾ ನೀವೇ ಟ್ರಸ್ಟಿ, ನೀವೇ ಏಕೈಕ ಫಲಾನುಭವಿ ಆಗಿದ್ದರೆ, ಬೇಲಿ ಹೆಸರಿಗಷ್ಟೇ. ಯಾವಾಗ ಬೇಕಾದರೂ ತೆಗೆದುಕೊಳ್ಳಬಹುದಾದ ಹಣವನ್ನು ನಿಮ್ಮ ಹಣ ಅಂತಲೇ ಕೋರ್ಟು ನೋಡುವ ಸಂಭವ ಹೆಚ್ಚು.

ಎಲ್ಲಕ್ಕಿಂತ ಕೆಟ್ಟದ್ದು ತಾವೇ ತಮಗಾಗಿ ಮಾಡಿಕೊಂಡ ಟ್ರಸ್ಟ್. ತನ್ನ ಹಣವನ್ನು ತಾನೇ ಟ್ರಸ್ಟಿಗೆ ಹಾಕಿ ತಾನೇ ಫಲಾನುಭವಿಯಾಗಿ ಕೂತರೆ ಹೆಚ್ಚಿನ ರಾಜ್ಯಗಳಲ್ಲಿ ಸಾಲದಿಂದ ಅದಕ್ಕೆ ರಕ್ಷಣೆಯೇ ಇಲ್ಲ. 1997ರಲ್ಲಿ ಅಲಾಸ್ಕ ರಾಜ್ಯ ಇಂಥದ್ದಕ್ಕೂ ರಕ್ಷಣೆ ಕೊಡುವ ಕಾನೂನು ಮಾಡಿತು, ಆಮೇಲೆ ನೆವಾಡ, ದಕ್ಷಿಣ ಡಕೋಟ ಮುಂತಾದವೂ ಮಾಡಿದವು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರಿತು ಅಮೆರಿಕದ ಸಂಸತ್ತು. 2005ರ ತಿದ್ದುಪಡಿಯಲ್ಲಿ ದಿವಾಳಿ ಸಂಹಿತೆಗೆ 548(ಇ) ಅನ್ನುವ ಉಪವಿಧಿ ಬಂತು: ಸಾಲ ಕೊಟ್ಟವರನ್ನು ತಪ್ಪಿಸುವ ಉದ್ದೇಶದಿಂದ ಅರ್ಜಿಗೆ ಹಿಂದಿನ 10 ವರ್ಷದೊಳಗೆ ಇಂಥ ಟ್ರಸ್ಟಿಗೆ ಹಾಕಿದ್ದನ್ನು ಕೋರ್ಟಿನ ಟ್ರಸ್ಟಿ ವಾಪಸು ಎಳೆದುಕೊಳ್ಳಬಹುದು. ಅಲಾಸ್ಕದ ಸೆಲ್ಡೋವಿಯ ಹತ್ತಿರ 1.25 ಎಕರೆ ಜಾಗ ಇದ್ದ ಒಬ್ಬರು 2005ರಲ್ಲಿ ಅದನ್ನು ಇಂಥ ಟ್ರಸ್ಟಿಗೆ ಬರೆದು, 2009ರಲ್ಲಿ ದಿವಾಳಿ ಅರ್ಜಿ ಹಾಕಿದರು. 2011ರಲ್ಲಿ ಅಲಾಸ್ಕದಲ್ಲೇ ಇರುವ ದಿವಾಳಿ ಕೋರ್ಟು ಆ ವರ್ಗಾವಣೆಯನ್ನು ರದ್ದು ಮಾಡಿತು. ಸಾಲ ಕೊಟ್ಟವರಿಂದ ಆಸ್ತಿಯನ್ನು ಕಾಪಾಡುವ ಉದ್ದೇಶ ಟ್ರಸ್ಟ್ ಪತ್ರದಲ್ಲೇ ಬರೆದಿತ್ತು. ಬೇರೆ ಸಾಕ್ಷಿಗಳ ಜೊತೆಗೆ ಅದನ್ನೂ ಕೋರ್ಟು ಸಾಕ್ಷಿಯಾಗಿ ತೆಗೆದುಕೊಂಡಿತು. ಅರ್ಜಿಯ ಜೊತೆಗಿನ ಹಣಕಾಸು ವಿವರಣಾ ಪತ್ರದಲ್ಲಿ 19ನೇ ಪ್ರಶ್ನೆ ನೇರವಾಗಿ ಈ 10 ವರ್ಷದ್ದನ್ನೇ ಕೇಳುತ್ತದೆ.

"ನಿಮ್ಮ ರಾಜ್ಯದ ವಕೀಲರು" ಅಂದಿದ್ದೆನಲ್ಲ, ಅದಕ್ಕೆ ಬರುತ್ತೇನೆ. ದಿವಾಳಿ ಕಾನೂನು ಇಡೀ ದೇಶಕ್ಕೆ ಒಂದು. ಟ್ರಸ್ಟಿನ ಕಾನೂನು ರಾಜ್ಯಕ್ಕೊಂದು. ನ್ಯೂಯಾರ್ಕಿನಲ್ಲಿ, ಬೇರೊಬ್ಬರು ನಿಮಗಾಗಿ ಮಾಡಿದ ಟ್ರಸ್ಟಿನ ಆದಾಯದ 90 ಶೇಕಡವನ್ನು ಜಪ್ತಿಯಿಂದ ಕಾನೂನೇ ಕಾಪಾಡುತ್ತದೆ, ಉಳಿದ 10ಕ್ಕೆ ಆ ಭರವಸೆ ಇಲ್ಲ. ಕ್ಯಾಲಿಫೋರ್ನಿಯದ ಲೆಕ್ಕ ಇನ್ನೊಂದು. ಅಲ್ಲಿ ಒಬ್ಬರು ತಂದೆ ತೀರಿಕೊಂಡ ಮರುದಿನ ದಿವಾಳಿ ಅರ್ಜಿ ಹಾಕಿದರು. ತಂದೆಯ ಟ್ರಸ್ಟಿನಲ್ಲಿ ಮಗನಿಗೆ 10 ವರ್ಷ, ವರ್ಷಕ್ಕೆ 1 ಲಕ್ಷ ಡಾಲರ್ ಕೊಡಬೇಕು ಅಂತಿತ್ತು. ಸ್ಪೆಂಡ್‌ಥ್ರಿಫ್ಟ್ ಕ್ಲಾಜೂ ಇತ್ತು. ಕೇಸು ಹತ್ತುತ್ತಾ ಹತ್ತುತ್ತಾ 2017ರಲ್ಲಿ ಕ್ಯಾಲಿಫೋರ್ನಿಯದ ಸುಪ್ರೀಂ ಕೋರ್ಟಿನ ಮುಂದೆ ಬಂತು. ಆ ಕೋರ್ಟು ಹೇಳಿದ್ದು ಇದು: ಪಾವತಿಗೆ ದಿನ ಬಂದಿರುವ ಅಸಲಿನ ಹಣವನ್ನು ಕೋರ್ಟಿನ ಟ್ರಸ್ಟಿ ಪೂರ್ತಿಯೂ ತಲುಪಬಹುದು, ಜೀವನೋಪಾಯಕ್ಕೋ ಓದಿಗೋ ಅಂತ ಪತ್ರದಲ್ಲಿ ಇದ್ದು, ಅದಕ್ಕೆ ನಿಜವಾಗಿ ಬೇಕಾಗಿದ್ದರೆ ಮಾತ್ರ ಅದು ಉಳಿಯುತ್ತದೆ. ಮುಂದೆ ಬರಲಿರುವ ಪಾವತಿಗಳಲ್ಲಿ 25 ಶೇಕಡದವರೆಗೂ ತಲುಪಬಹುದು, ಅದರಲ್ಲೂ ಫಲಾನುಭವಿಯ ಮತ್ತು ಅವರನ್ನು ನಂಬಿದವರ ಜೀವನಕ್ಕೆ ಬೇಕಾದಷ್ಟನ್ನು ಕಳೆದು. ಕ್ಲಾಜ್ ಇದೆ, ನಾನು ಕ್ಷೇಮ ಅಂತ ಕ್ಯಾಲಿಫೋರ್ನಿಯದಲ್ಲಿ ಯಾರೂ ನಿದ್ದೆ ಮಾಡುವ ಹಾಗಿಲ್ಲ. ಪಕ್ಕದ ರಾಜ್ಯದಲ್ಲಿರುವ ಗೆಳತಿಗೆ ಏನಾಯಿತು ಅನ್ನುವುದು ನಿಮಗೆ ದಾರಿ ತೋರಿಸುವುದಿಲ್ಲ.

ಇಷ್ಟು ಹೊತ್ತು ಆಸ್ತಿಯ ಮಾತಾಯಿತು. ಆದಾಯದ ಲೆಕ್ಕ ಬೇರೆಯೇ ಇದೆ. ಟ್ರಸ್ಟಿನ ಹಕ್ಕು ಗಂಟಿಗೆ ಸೇರದಿದ್ದರೂ, ಅದರಿಂದ ಬಂದ ಹಣ ನಿಮ್ಮ ಆದಾಯವೇ. ಎಷ್ಟೋ ಜನ ಈ ಎರಡನ್ನೂ ಕಲಸಿಕೊಳ್ಳುತ್ತಾರೆ.

ಇಲ್ಲಿ ಸಾಮಾನ್ಯ ಜನ ಹಾಕುವ ಅರ್ಜಿ ಎರಡು ಬಗೆ. ದಿವಾಳಿ ಸಂಹಿತೆಯ ಏಳನೇ ಅಧ್ಯಾಯದಲ್ಲಿ ಮಾರಬಹುದಾದ ಆಸ್ತಿ ಇದ್ದರೆ ಮಾರಿ, ಕೆಲವೇ ತಿಂಗಳಲ್ಲಿ ಹೆಚ್ಚಿನ ಸಾಲಗಳಿಂದ ಬಿಡುಗಡೆ ಕೊಡುತ್ತಾರೆ. ಹದಿಮೂರನೇ ಅಧ್ಯಾಯದಲ್ಲಿ 3ರಿಂದ 5 ವರ್ಷ ಕಂತು ಕಟ್ಟಿ ಬಿಡುಗಡೆ ಪಡೆಯಬೇಕು. ಸಂಸಾರದ ಸಾಲಗಳೇ ಹೆಚ್ಚಿದ್ದರೆ ಏಳನೆಯದಕ್ಕೆ ಹೋಗುವ ಮೊದಲು ಮೀನ್ಸ್ ಟೆಸ್ಟ್ ಅನ್ನುವ ಆದಾಯದ ಪರೀಕ್ಷೆ ದಾಟಬೇಕು. ಅರ್ಜಿ ಹಾಕುವ ತಿಂಗಳಿಗೆ ಹಿಂದಿನ ಪೂರ್ತಿ 6 ತಿಂಗಳಲ್ಲಿ ಎಲ್ಲೆಲ್ಲಿಂದ ಏನೇನು ಬಂತು, ಅದನ್ನು ಕೂಡಿ 6ರಿಂದ ಭಾಗಿಸಿದಾಗ ಬರುವುದೇ ನಿಮ್ಮ ತಿಂಗಳ ಆದಾಯ. ಸೋಷಿಯಲ್ ಸೆಕ್ಯುರಿಟಿಯಂಥ ಒಂದೆರಡನ್ನು ಬಿಟ್ಟರೆ ಎಲ್ಲವೂ ಲೆಕ್ಕಕ್ಕೆ ಬರುತ್ತದೆ, ಟ್ರಸ್ಟಿನದ್ದೂ ಬರುತ್ತದೆ. ಅದು ನಿಮ್ಮ ರಾಜ್ಯದಲ್ಲಿ ನಿಮ್ಮಷ್ಟೇ ಜನರಿರುವ ಸಂಸಾರದ ಮಧ್ಯಮ ಆದಾಯಕ್ಕಿಂತ ಕಡಿಮೆ ಇದ್ದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಹೆಚ್ಚಿದ್ದರೆ ಖರ್ಚುಗಳನ್ನು ಕಳೆಯುವ ದೊಡ್ಡ ಲೆಕ್ಕ ಮಾಡಬೇಕು.

ಒಂದು ಉದಾಹರಣೆ ಬಿಡಿಸಿ ತೋರಿಸುತ್ತೇನೆ. ಟ್ರಸ್ಟ್ ವರ್ಷಕ್ಕೊಮ್ಮೆ, ಡಿಸೆಂಬರಿನಲ್ಲಿ 12,000 ಡಾಲರ್ ಕೊಡುತ್ತದೆ. ನೀವು ಜೂನಿನಲ್ಲಿ ಅರ್ಜಿ ಹಾಕಿದರೆ ಲೆಕ್ಕಕ್ಕೆ ಬರುವ 6 ತಿಂಗಳು ಡಿಸೆಂಬರಿನಿಂದ ಮೇ. ಆ 12,000 ಪೂರ್ತಿ ಒಳಗೆ ಬಂತು, ತಿಂಗಳಿಗೆ 2,000 ಸೇರಿಕೊಂಡಿತು. ಬರೀ ಒಂದು ತಿಂಗಳು ತಡೆದು ಜುಲೈನಲ್ಲಿ ಹಾಕಿದರೆ ಲೆಕ್ಕದ ತಿಂಗಳುಗಳು ಜನವರಿಯಿಂದ ಜೂನ್. ಆ ಹಣ ಹೊರಗೇ ಉಳಿಯಿತು. ಇದು ಕಣ್ಕಟ್ಟಲ್ಲ, ಕಾನೂನೇ ಹಾಕಿಕೊಟ್ಟ ಲೆಕ್ಕ. ಹಾಗಂತ ಅದು ಕೋರ್ಟಿನ ಕಣ್ಣಿಗೆ ಬೀಳುವುದೇ ಇಲ್ಲ ಅಂತ ಅಲ್ಲ. ಶೆಡ್ಯೂಲ್ ಐನಲ್ಲಿ ನಿಮಗೆ ನಿಯಮಿತವಾಗಿ ಬರುವ ಆದಾಯವನ್ನೆಲ್ಲ ಬರೆಯಬೇಕು, ಮುಂದಿನ ಡಿಸೆಂಬರಿನದ್ದೂ ಅಲ್ಲಿ ಕಾಣುತ್ತದೆ. ಒಟ್ಟು ಪರಿಸ್ಥಿತಿ ನೋಡಿ, ಇವರು ಸಾಲ ತೀರಿಸಬಲ್ಲರು ಅನ್ನಿಸಿದರೆ ಏಳನೇ ಅಧ್ಯಾಯದ ಅರ್ಜಿಯನ್ನು ವಜಾ ಮಾಡುವ ಅಧಿಕಾರ ಕೋರ್ಟಿಗಿದೆ.

ಹದಿಮೂರನೇ ಅಧ್ಯಾಯದಲ್ಲಿ ಇದೇ ಹಣ ನಿಮ್ಮ ಪರವಾಗಿ ನಿಲ್ಲಬಹುದು. ಆ ಅರ್ಜಿಗೆ ನಿಯಮಿತ ಆದಾಯ ಬೇಕು, ಅದು ಸಂಬಳವೇ ಆಗಿರಬೇಕಿಲ್ಲ. ಕೆಲಸ ಕಳೆದುಕೊಂಡು, ಮನೆಯ ಕಂತು ಬಾಕಿ ಬಿದ್ದು, ಮನೆ ಹರಾಜಿಗೆ ಬಂದವರು ಟ್ರಸ್ಟಿನ ತಿಂಗಳ ಹಣವನ್ನು ತೋರಿಸಿ ಕಂತಿನ ಯೋಜನೆ ಮಾಡಿಕೊಳ್ಳಬಹುದು. ಬೇಲಿ ಗಟ್ಟಿ ಇದ್ದರೆ ಟ್ರಸ್ಟಿನ ಅಸಲನ್ನು ಯಾರೂ ಮುಟ್ಟುವುದಿಲ್ಲ, ಆದರೆ ಅಲ್ಲಿಂದ ಬರುವ ಹಣದಲ್ಲಿ ಖರ್ಚು ಕಳೆದು ಮಿಕ್ಕಿದ್ದು ಸಾಲ ಕೊಟ್ಟವರಿಗೆ ಹೋಗುತ್ತದೆ.

ಮನೆಮಂದಿಯ ವಿಷಯ ಒಂದು ಹೇಳಲೇಬೇಕು, ಯಾಕೆಂದರೆ ಇದರಿಂದ ಒಡೆದ ಸಂಬಂಧಗಳನ್ನು ನಾನು ನೋಡಿದ್ದೇನೆ. ಟ್ರಸ್ಟಿನಿಂದ ಒಂದಿಷ್ಟು ದೊಡ್ಡ ಮೊತ್ತ ಬಂದ ತಕ್ಷಣ ಜನ ಮೊದಲು ಮಾಡುವುದು ತಂಗಿಯ ಸಾಲ ತೀರಿಸುವುದು. ಮನುಷ್ಯರಾದವರು ಹಾಗೇ ಮಾಡುತ್ತಾರೆ. ಕಷ್ಟಕಾಲದಲ್ಲಿ ಕೈ ಹಿಡಿದವಳು ಅವಳು. ಕಾನೂನು ಹಾಗೆ ನೋಡುವುದಿಲ್ಲ. ಅರ್ಜಿಗೆ ಹಿಂದಿನ ಒಂದು ವರ್ಷದಲ್ಲಿ ಹತ್ತಿರದ ಸಂಬಂಧಿಕರಿಗೆ ತೀರಿಸಿದ ಸಾಲವನ್ನು ಕೋರ್ಟಿನ ಟ್ರಸ್ಟಿ ಆ ಸಂಬಂಧಿಕರಿಂದಲೇ ವಾಪಸು ಕೇಳಬಹುದು. ಸಾಲ ಕೊಟ್ಟ ಬೇರೆಯವರಿಗೆ ಇಲ್ಲದ ನ್ಯಾಯ ತಂಗಿಗೆ ಮಾತ್ರ ಯಾಕೆ ಅನ್ನುವುದು ಅದರ ತರ್ಕ. ಕೋರ್ಟಿನಿಂದ ನೋಟಿಸು ತಂಗಿಯ ಮನೆಗೆ ಹೋಗುತ್ತದೆ. ಅವಳು ಆ ಹಣವನ್ನು ಅಷ್ಟರಲ್ಲಿ ಮಗನ ಕಾಲೇಜಿಗೆ ಕಟ್ಟಿಬಿಟ್ಟಿರುತ್ತಾಳೆ. ಅರ್ಜಿಯ ಯೋಚನೆ ಇದ್ದರೆ, ತಂಗಿಗೆ ಚೆಕ್ ಬರೆಯುವ ಮೊದಲು ವಕೀಲರಿಗೆ ಫೋನ್ ಮಾಡಿ.

ಅರ್ಜಿ ಹಾಕಿದ ಮೇಲೆ ಮನೆಯಲ್ಲಿ ಸಾವಾದರೂ ಒಂದು ನಿಯಮವಿದೆ. ಅರ್ಜಿಯ ದಿನದಿಂದ 180 ದಿನದೊಳಗೆ ಉಯಿಲಿನಿಂದಲೋ ವಾರಸುದಾರಿಕೆಯಿಂದಲೋ ಜೀವವಿಮೆಯಿಂದಲೋ ನಿಮಗೆ ಹಕ್ಕು ಬಂದರೆ ಅದೂ ಗಂಟಿಗೆ ಸೇರುತ್ತದೆ. ನಿಮಗೆ ತಿಳಿದ 14 ದಿನದೊಳಗೆ ಕೋರ್ಟಿಗೆ ಬರೆದು ತಿಳಿಸಬೇಕು. ಅಮ್ಮನ ತಿಥಿ ಇನ್ನೂ ಮುಗಿದಿರುವುದಿಲ್ಲ, ನಮೂನೆ ತುಂಬಬೇಕಾಗುತ್ತದೆ. ಕಷ್ಟ ಅಂತ ಗೊತ್ತು. ಆದರೂ ಬಿಡುವ ಹಾಗಿಲ್ಲ.

ಈಗ ಕೋರ್ಟಿನ ಟ್ರಸ್ಟಿಯ ಎದುರು ಕೂರುವ ದಿನ ಹೇಗಿರುತ್ತದೆ ಅಂತ ಹೇಳುತ್ತೇನೆ. 341ನೇ ಸೆಕ್ಷನ್ನಿನ ಸಭೆ ಅದು. ಹೆಸರಿಗೆ ಸಾಲ ಕೊಟ್ಟವರ ಸಭೆ, ಅವರು ಬರುವುದು ಅಪರೂಪ. ನ್ಯಾಯಾಧೀಶರು ಇರುವುದಿಲ್ಲ. ಈಗೀಗ ಹೆಚ್ಚಾಗಿ ವಿಡಿಯೋದಲ್ಲೇ ನಡೆಯುತ್ತದೆ. ನಾನು ಜೊತೆಗಿದ್ದ ಒಂದು ಸಭೆಯಲ್ಲಿ ಅರ್ಜಿ ಹಾಕಿದ್ದ ಒಬ್ಬಾಕೆ ನಮ್ಮ ಕಚೇರಿಯ ಸಣ್ಣ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು. ಗುರುತಿನ ಚೀಟಿಯನ್ನು ಕ್ಯಾಮೆರಾಕ್ಕೆ ಹಿಡಿಯುವಾಗ ಕೈ ನಡುಗುತ್ತಿತ್ತು. ಕೋರ್ಟಿನ ಟ್ರಸ್ಟಿ ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿದರು. ಸಹಿ ಮಾಡುವ ಮೊದಲು ಅರ್ಜಿಯನ್ನು ಓದಿದಿರಾ? ಆಸ್ತಿ ಎಲ್ಲವನ್ನೂ ಬರೆದಿದ್ದೀರಾ? ಯಾರಿಂದಲಾದರೂ ವಾರಸು ಬರುವುದಿದೆಯಾ? ಆಮೇಲೆ ಅವರು 25ನೇ ಪ್ರಶ್ನೆಗೆ ಬಂದರು. "ಇಲ್ಲಿ ಒಂದು ಟ್ರಸ್ಟ್ ಅಂತ ಬರೆದಿದ್ದೀರಿ. ಯಾರು ಮಾಡಿದ್ದು?" ನಮ್ಮ ಅಜ್ಜಿ ಅಂದರು ಆಕೆ. "ಅಸಲು ಕೇಳುವ ಹಕ್ಕು ನಿಮಗಿದೆಯಾ?" ಇಲ್ಲ. "ಕೊನೆಯ ಪಾವತಿ ಯಾವಾಗ ಬಂತು, ಅದು ಈಗ ಎಲ್ಲಿದೆ?" ಆಕೆ ತಾರೀಖು ಹೇಳಿದರು, ಬಾಡಿಗೆ ರಸೀದಿ ನಮ್ಮ ಹತ್ತಿರ ಇತ್ತು. "ಪತ್ರದ ಪ್ರತಿ ಕಳಿಸಿ." ಎಲ್ಲ ಸೇರಿ ಹತ್ತು ನಿಮಿಷ ಹಿಡಿಯಲಿಲ್ಲ. ಪ್ರತಿ ಕಳಿಸಿದೆವು. ಪಾವತಿ ಪುಟವನ್ನೂ ಸ್ಪೆಂಡ್‌ಥ್ರಿಫ್ಟ್ ಕ್ಲಾಜ್ ಇದ್ದ ಪುಟವನ್ನೂ ಗುರುತು ಹಾಕಿ ಕಳಿಸಿದೆವು. ಹಂಚುವುದಕ್ಕೆ ಏನೂ ಇಲ್ಲ ಅಂತ ಕೋರ್ಟಿನ ಟ್ರಸ್ಟಿ ವರದಿ ಹಾಕಿದರು. ಅಜ್ಜಿಯ ಹಣ ಆಕೆಗೆ ಬರುವುದು ತಪ್ಪಲಿಲ್ಲ.

ಅದೇ ಆಕೆ 25ರಲ್ಲಿ "ಇಲ್ಲ" ಅಂತ ಬರೆದಿದ್ದರೆ? ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ತಿಂಗಳು ತಿಂಗಳು ಒಂದೇ ಕಡೆಯಿಂದ ಬಂದ ಹಣ ಕಾಣುತ್ತದೆ. ತೆರಿಗೆ ರಿಟರ್ನಿನಲ್ಲಿ, ನಿಮ್ಮ ಪಾಲಿನ ಆದಾಯ ಎಷ್ಟು ಅಂತ ಟ್ರಸ್ಟ್ ಕಳಿಸುವ ಕೆ-1 ನಮೂನೆಯ ಅಂಕಿ ಕಾಣುತ್ತದೆ. ಇವೆರಡೂ ಕೋರ್ಟಿನ ಟ್ರಸ್ಟಿಯ ಕೈಗೆ ಹೋಗುವ ಕಾಗದಗಳೇ. ಸುಳ್ಳು ಪ್ರಮಾಣ ಅಂತಾದರೆ 727ನೇ ಸೆಕ್ಷನ್ನಿನಲ್ಲಿ ಬಿಡುಗಡೆಯನ್ನೇ ನಿರಾಕರಿಸಬಹುದು. ಅಂದರೆ ಅರ್ಜಿ ಹಾಕಿಯೂ ಸಾಲ ಪೂರ್ತಿ ಹಾಗೇ ತಲೆಮೇಲೆ. ಬೇಕೆಂದೇ ಬಚ್ಚಿಟ್ಟರೆ ಅದು ಅಪರಾಧ, 5 ವರ್ಷದವರೆಗೆ ಜೈಲು. ಕೈ ಬಿಟ್ಟುಹೋಗದ ಹಣವನ್ನು ಬಚ್ಚಿಡಲು ಹೋಗಿ, ಸಿಗಬಹುದಾಗಿದ್ದ ಬಿಡುಗಡೆಯನ್ನು ಕಳೆದುಕೊಂಡವರನ್ನು ನೋಡಿದಾಗ ನನಗೆ ಆಗುವ ಸಂಕಟ ಹೇಳತೀರದು. ಒಂದು ಗೆರೆ ಬರೆದಿದ್ದರೆ ಸಾಕಿತ್ತು.

ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ.

ಹಿರಿಯರೊಬ್ಬರು ಕೇಳಿದರು: "ಟ್ರಸ್ಟ್ ಇರೋದು ಭಾರತದಲ್ಲಿ. ದುಡ್ಡೂ ಅಲ್ಲೇ ಖಾತೆಗೆ ಬೀಳುತ್ತೆ. ಇಲ್ಲಿನ ಕೋರ್ಟಿಗೆ ಅದರ ಗೊಡವೆ ಏನು?" ಗೊಡವೆ ಇದೆ, ಸರ್. ಆಸ್ತಿ ಎಲ್ಲೇ ಇರಲಿ ಅಂತ 541 ಹೇಳುವುದು ಬರೀ ಅಮೆರಿಕದೊಳಗೆ ಅಂತಲ್ಲ. ಟ್ರಸ್ಟನ್ನೂ ಬರೆಯಬೇಕು, ಅದರ ಆದಾಯವನ್ನೂ ಬರೆಯಬೇಕು, ಅಲ್ಲಿನ ಖಾತೆಯನ್ನೂ ಬರೆಯಬೇಕು. ಇನ್ನೊಂದು ತೊಡಕೂ ಇದೆ. ಬೇಲಿ ನಿಲ್ಲಬೇಕಾದರೆ ಟ್ರಸ್ಟಿಗೆ ಅನ್ವಯಿಸುವ ಕಾನೂನಿನಲ್ಲಿ ಅದು ಊರ್ಜಿತವಾಗಬೇಕು ಅಂದೆನಲ್ಲ. ಭಾರತದ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 10ನೇ ಸೆಕ್ಷನ್, ಪಡೆದವರು ಪರಭಾರೆ ಮಾಡಲೇಬಾರದು ಅನ್ನುವ ಸಂಪೂರ್ಣ ನಿರ್ಬಂಧವನ್ನು ಅಸಿಂಧು ಅನ್ನುತ್ತದೆ. ದಿವಾಳಿಯಾದರೆ ಹಕ್ಕು ಕೊನೆಗೊಳ್ಳುತ್ತದೆ ಅನ್ನುವ ಷರತ್ತನ್ನೂ 12ನೇ ಸೆಕ್ಷನ್ ಒಪ್ಪುವುದಿಲ್ಲ. ಹಾಗಾಗಿ ಅಮೆರಿಕದ ಟ್ರಸ್ಟಿನ ನಮೂನೆ ನೋಡಿಕೊಂಡು ಅಲ್ಲಿ ಬರೆಸಿದ ನಿರ್ಬಂಧ ಇಲ್ಲಿ ನಿಮ್ಮನ್ನು ಕಾಯುತ್ತದೆ ಅಂತ ನಂಬಿ ಕೂರಬೇಡಿ. ಎರಡೂ ದೇಶದ ವಕೀಲರು ಆ ಪತ್ರ ನೋಡಬೇಕು.

ಇನ್ನೊಬ್ಬ ತಾಯಿ ಎದ್ದು ನಿಂತರು. "ನನ್ನ ಮಗ ಸಾಲದಲ್ಲಿದ್ದಾನೆ. ನಾನಿನ್ನೂ ಟ್ರಸ್ಟ್ ಬರೆಸಿಲ್ಲ, ಬರೆಸಬೇಕು ಅಂತಿದೀನಿ. ಏನು ಹಾಕಿಸಲಿ?" ಅಮ್ಮ, ನೀವು ಸರಿಯಾದ ಸಮಯಕ್ಕೆ ಕೇಳಿದಿರಿ. ಹಣ ನಿಮ್ಮದು, ಬರೆಸುತ್ತಿರುವುದು ನೀವು, ಅದರಿಂದ ಈ ಬೇಲಿ ಹಾಕುವ ಅಧಿಕಾರ ನಿಮಗಿದೆ. ಅವನು ತಾನಾಗಿ ಮಾರುವುದನ್ನೂ, ಬೇರೆಯವರು ಬಲವಂತವಾಗಿ ಜಪ್ತಿ ಮಾಡುವುದನ್ನೂ, ಎರಡನ್ನೂ ತಡೆಯುವ ವಾಕ್ಯ ಇರಲಿ. ಒಂದನ್ನೇ ತಡೆದರೆ ಅನೇಕ ರಾಜ್ಯಗಳಲ್ಲಿ ಅದು ನಿಲ್ಲುವುದಿಲ್ಲ. ಇಂಥ ದಿನ ಇಷ್ಟು ಕೊಡಲೇಬೇಕು ಅಂತ ಕಟ್ಟುಪಾಡು ಹಾಕುವ ಬದಲು ಕೊಡುವುದನ್ನು ಟ್ರಸ್ಟಿಯ ವಿವೇಚನೆಗೆ ಬಿಡಬಹುದಾ ಅಂತ ವಕೀಲರನ್ನು ಕೇಳಿ. ಮಗನನ್ನೇ ಒಬ್ಬನೇ ಟ್ರಸ್ಟಿ ಮಾಡಬೇಡಿ. ಬರೆಸಿದ ಮೇಲೆ ಪತ್ರ ಎಲ್ಲಿದೆ ಅಂತ ಅವನಿಗೆ ಹೇಳಿಡಿ. ಅವನು ಯಾವತ್ತಾದರೂ ಆ ಅರ್ಜಿ ತುಂಬಲು ಕೂತರೆ, 25ನೇ ಪ್ರಶ್ನೆಗೆ ಬಂದಾಗ ಅದು ಅವನ ಕೈಯಲ್ಲಿರಬೇಕು.